ಎಲೆಕೋಸು ಎಂಬ ಮೊಗ್ಗು

ಎಲೆಕೋಸನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿದರೆ ಕಾಣುವುದು ಒಂದು ಇಡೀ ಗಿಡ. ನಡುವೆ ಬೆಳ್ಳಗಿನ, ಕೆಳಗೆ ದಪ್ಪವಾಗಿ ಮೇಲೆ ಸಣ್ಣಗಾಗುವ ದಿಂಡು ಇರುತ್ತದೆ. ಅದೇ ಕಾಂಡ. ಅದರ ಎರಡೂ ಬದಿಯಿಂದ ಹೊರಟ ಎಲೆಗಳು ಒಂದರ ಮೇಲೊಂದು ಕವುಚಿಕೊಂಡಿರುತ್ತವೆ. ಎಲೆಯ ಬುಡ ಕಾಂಡಕ್ಕೆ ಸೇರುವ ಕಂಕುಳಲ್ಲಿ ಅಕ್ಕಿಕಾಳಿನಿಂದ ಹೆಸರುಕಾಳಿನಷ್ಟು ದೊಡ್ಡ ಪುಟ್ಟ ಗಂಟುಗಳು ಕಾಣುತ್ತವೆ. ಅವು ಮುಂದೆ ಕೊಂಬೆಯಾಗಬಹುದಾದ ಮೊಗ್ಗುಗಳು. ದಾಸವಾಳದ ರೆಂಬೆಯ ತುದಿಯ ಚಿಗುರಿನಲ್ಲೂ ಇದೇ ಏರ್ಪಾಡು ಇದೆ, ಆದರೆ ಅಲ್ಲಿ ಎಲೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಕಾಂಡ ಉದ್ದವಾಗುತ್ತ ಹೋಗುತ್ತದೆ. ಎಲೆಕೋಸಿನಲ್ಲಿ ಕಾಂಡ ಉದ್ದವಾಗುವುದನ್ನು ನಿಲ್ಲಿಸಿ ಎಲೆ ಹುಟ್ಟಿಸುವುದನ್ನು ಮಾತ್ರ ಮುಂದುವರಿಸುತ್ತದೆ. ಹೊರಗಿನ ಎಲೆ ಬಾಗಿ ಮುಚ್ಚಿಕೊಂಡಿರುವಾಗಲೇ ಒಳಗೆ ಹೊಸ ಎಲೆಗಳು ಹುಟ್ಟಿ ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಹೀಗೆ ತರಕಾರಿ ಬುಟ್ಟಿಯಲ್ಲಿ ಕೂತಿರುವ ಒಂದೂವರೆ ಕಿಲೋ ತೂಕದ ಚೆಂಡು ಬಿಚ್ಚಿಕೊಳ್ಳದ ಒಂದು ಮೊಗ್ಗು. ಮೂರರಿಂದ ಆರು ವರ್ಷದ ಮಕ್ಕಳಿಗೆ ಎಲೆಕೋಸನ್ನು ಪರಿಚಯಿಸಲು ಚಿತ್ರಪಟಕ್ಕಿಂತ ಈ ಸೀಳಿದ ಹೋಳೇ ಉತ್ತಮ ಪಾಠ. ಕತ್ತಿ ಹಿಡಿಯುವ ಕೆಲಸ ಮಾತ್ರ ದೊಡ್ಡವರದು.

ಹೆಸರುಗಳು ಇಲ್ಲಿ ಅರ್ಧ ನೆರವಾಗುತ್ತವೆ, ಅರ್ಧ ದಾರಿ ತಪ್ಪಿಸುತ್ತವೆ. ಎಲೆಕೋಸು, ಹೂಕೋಸು ಎಂಬ ಹೆಸರುಗಳು ಸಸ್ಯಶಾಸ್ತ್ರದ ಮಟ್ಟಿಗೆ ನಿಖರವಾಗಿವೆ: ಒಂದರಲ್ಲಿ ತಿನ್ನುವುದು ಎಲೆ, ಇನ್ನೊಂದರಲ್ಲಿ ಅರಳುವ ಮೊದಲೇ ಗಟ್ಟಿಯಾಗಿ ಕಟ್ಟಿಕೊಂಡ ಹೂಗೊಂಚಲು. ಆದರೆ ಸಂತೆಯಲ್ಲಿ ಎಲೆಕೋಸನ್ನು ಕೋಸುಗಡ್ಡೆ ಎನ್ನುವವರಿದ್ದಾರೆ, ನವಿಲುಕೋಸನ್ನು ಗೆಡ್ಡೆಕೋಸು ಎನ್ನುವವರೂ ಇದ್ದಾರೆ. ಎರಡೂ ಗೆಡ್ಡೆಯಲ್ಲ. ನವಿಲುಕೋಸು ನೆಲದ ಮೇಲೆ ಉಬ್ಬಿಕೊಂಡ ಕಾಂಡ, ಅದರ ಮೈಮೇಲೆ ಉದುರಿದ ಎಲೆಗಳ ಗುರುತು ಸಾಲಾಗಿ ಉಳಿದಿರುತ್ತದೆ. ನೆಲದೊಳಗೆ ಬೆಳೆಯುವ ಸುವರ್ಣಗೆಡ್ಡೆಯನ್ನೋ ಕೆಸುವಿನ ಗೆಡ್ಡೆಯನ್ನೋ ಪಕ್ಕದಲ್ಲಿಟ್ಟು ಯಾವುದಕ್ಕೆ ಮಣ್ಣು ಅಂಟಿದೆ ಎಂದು ಕೇಳಿದರೆ ಐದು ವರ್ಷದ ಮಗುವೂ ಈ ತಪ್ಪನ್ನು ಹಿಡಿಯಬಲ್ಲದು.

ಹೆಚ್ಚಿನ ಅಚ್ಚರಿ ಇರುವುದು ಇನ್ನೊಂದು ಸಂಗತಿಯಲ್ಲಿ. ಎಲೆಕೋಸು, ಹೂಕೋಸು, ನವಿಲುಕೋಸು, ಈಚೆಗೆ ಪೇಟೆಗೆ ಬಂದ ಬ್ರೊಕೋಲಿ ಇವೆಲ್ಲ ಬೇರೆಬೇರೆ ಜಾತಿಯ ಸಸ್ಯಗಳಲ್ಲ. ಎಲ್ಲಕ್ಕೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಹೆಸರು. 1753ರಲ್ಲಿ ಲಿನಿಯಸ್ ಕೊಟ್ಟದ್ದು. ಯುರೋಪಿನ ಕಡಲ ದಂಡೆಗಳ ಬಂಡೆಗಳಲ್ಲಿ ಇದರ ಕಾಡುರೂಪ ಈಗಲೂ ಬೆಳೆಯುತ್ತದೆ, ಅದಕ್ಕೆ ಚೆಂಡೂ ಇಲ್ಲ, ಉಬ್ಬಿದ ಕಾಂಡವೂ ಇಲ್ಲ. ಸಾವಿರಾರು ವರ್ಷ ರೈತರು ಎಲೆ ಚೆನ್ನಾಗಿದ್ದ ಗಿಡದ ಬೀಜವನ್ನು ಒಂದೆಡೆ, ಕಾಂಡ ದಪ್ಪಗಿದ್ದುದರ ಬೀಜವನ್ನು ಇನ್ನೊಂದೆಡೆ ಎತ್ತಿಟ್ಟು ಬಿತ್ತುತ್ತ ಬಂದದ್ದರ ಫಲ ಇದು. ಎಲೆಕೋಸಿಗೆ ಮಾತ್ರ ಕ್ಯಾಪಿಟಾಟಾ ಎಂಬ ಉಪನಾಮವಿದೆ. ಲ್ಯಾಟಿನ್‌ನಲ್ಲಿ ತಲೆಯುಳ್ಳದ್ದು ಎಂದರ್ಥ. ಸಾಸಿವೆ, ಮೂಲಂಗಿಗಳು ಇದೇ ಕುಟುಂಬದ ದಾಯಾದಿಗಳು. ಸಾಸಿವೆಯಂತೂ ಬ್ರಾಸಿಕಾ ಕುಲದ್ದೇ. ಹಾಗಾಗಿ ಎಲೆಕೋಸಿನ ಪಲ್ಯಕ್ಕೆ ಸಾಸಿವೆ ಒಗ್ಗರಣೆ ಹಾಕುವಾಗ, ಅಥವಾ ಕೋಸನ್ನು ಹೆಚ್ಚಿ ಮೊಸರಿಗೆ ಅರೆದ ಸಾಸಿವೆ ಬೆರೆಸಿ ಮಲೆನಾಡಿನವರು 'ಸಾಸಿವೆ' ಮಾಡುವಾಗ ಪಾತ್ರೆಯೊಳಗೆ ನಡೆಯುವುದು ಒಂದು ರೀತಿಯ ಕುಟುಂಬ ಸಮ್ಮಿಲನ.

ಹೊಲದಲ್ಲಿರುವ ಎಲೆಕೋಸಿನ ಹೊರಎಲೆಗಳ ಬಣ್ಣ ಬೂದಿ ಮಿಶ್ರಿತ ಹಸಿರು. ಆ ಬೂದಿಯಂಥದ್ದು ಮೇಣದ ತೆಳುವಾದ ಪದರ. ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿ ಮಣಿಯಾಗಿ ಉರುಳಿ ಬೀಳುತ್ತದೆ. ಕೆಸುವಿನೆಲೆಯ ಮೇಲೆ ಮಳೆಹನಿ ಉರುಳಿಸಿ ಆಡಿದ ಮಲೆನಾಡಿನ ಮಕ್ಕಳಿಗೆ ಇದು ಹೊಸದಲ್ಲ. ಎಲೆಯ ಒಂದು ಭಾಗವನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ ಮತ್ತೆ ನೀರು ಹಾಕಿದರೆ ಅಲ್ಲಿ ಹನಿ ನಿಲ್ಲದೆ ಹರಡಿಕೊಳ್ಳುತ್ತದೆ. ಉಜ್ಜಿದಾಗ ಹೋದದ್ದೇನು ಎಂಬ ಪ್ರಶ್ನೆಗೆ ಉತ್ತರ ಬೆರಳಿನಲ್ಲೇ ಅಂಟಿರುತ್ತದೆ. ಒಳಗಿನ ಎಲೆಗಳು ಬಿಳಿ ಅಥವಾ ತಿಳಿಹಳದಿಯಾಗಿರಲು ಕಾರಣ ಬೆಳಕಿನ ಕೊರತೆ. ಪತ್ರಹರಿತ್ತು ಹುಟ್ಟಲು ಬೆಳಕು ಬೇಕು. ಅಂಗಳದಲ್ಲಿ ಬಹುದಿನ ಬಿದ್ದಿದ್ದ ಹಲಗೆಯನ್ನು ಎತ್ತಿದಾಗ ಅಡಿಯ ಹುಲ್ಲು ಬಿಳಿಚಿಕೊಂಡಿರುವುದೂ ಇದರಿಂದಲೇ.

ಎಲೆಕೋಸನ್ನು ಹಿತ್ತಲಿನಲ್ಲಿ ಬೆಳೆಯುವ ಮಾತಿಗೆ ಮಲೆನಾಡಿನ ಒಂದು ಊರನ್ನು ನೋಡೋಣ. ಸಾಗರ ತಾಲ್ಲೂಕಿನ ಬ್ಯಾಕೋಡು ಶರಾವತಿ ಹಿನ್ನೀರಿನ ಆಚೆ ದಡದ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಈ ಭಾಗಕ್ಕೂ ಸಾಗರ ಪೇಟೆಗೂ ನಡುವೆ ನೀರು ನಿಂತಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವ ತನಕ ಜನರೂ ವಾಹನಗಳೂ ಹೊಳೆಬಾಗಿಲಿನ ಲಾಂಚನ್ನು ನೆಚ್ಚಿಕೊಳ್ಳಬೇಕಿತ್ತು. ಇಂಥ ಊರಿನಲ್ಲಿ ಹಿತ್ತಲಿನ ತರಕಾರಿಗೆ ಪೇಟೆಯ ತರಕಾರಿಗಿಂತ ಹೆಚ್ಚಿನ ಬೆಲೆ ಸಹಜ. ಆದರೆ ಹಿತ್ತಲಿನ ಪಟ್ಟಿಯಲ್ಲಿ ಎಲೆಕೋಸು ಮೊದಲ ಸಾಲಿನದಲ್ಲ. ಮಳೆಗಾಲದಲ್ಲಿ ಸೌತೆ, ಹೀರೆ, ಬೆಂಡೆ, ಕೆಸು ಬೆಳೆದಷ್ಟು ಸಲೀಸಾಗಿ ಅದು ಬೆಳೆಯುವುದಿಲ್ಲ. ಸುರಿಮಳೆಗೆ ಬುಡ ಕೊಳೆಯುತ್ತದೆ, ಎಲೆಯ ಮೇಲೆ ಕಪ್ಪು ಕೊಳೆರೋಗ ಬರುತ್ತದೆ.

ಮಲೆನಾಡಿನಲ್ಲಿ ಇದರ ಕಾಲ ಮಳೆ ಹಿಂದೆಗೆದ ಮೇಲೆ ಶುರುವಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ಏರುಮಡಿಯಲ್ಲಿ ಬೀಜ ಚೆಲ್ಲಬೇಕು. ಬೀಜ ಸಾಸಿವೆಕಾಳಿನಂತೆಯೇ ದುಂಡಗೆ, ಕಂದುಗಪ್ಪಾಗಿರುತ್ತದೆ. ಎರಡನ್ನೂ ಅಂಗೈಯಲ್ಲಿಟ್ಟು ಬೇರೆ ಮಾಡಿ ಎಂದರೆ ದೊಡ್ಡವರೂ ಸೋಲುತ್ತಾರೆ. ನಾಲ್ಕೈದು ದಿನದಲ್ಲಿ ಮೊಳಕೆ ಏಳುತ್ತದೆ. ಮೊದಲ ಎರಡು ಎಲೆಗಳು ಹೃದಯದ ಆಕಾರದವು, ಅವು ಬೀಜದೊಳಗೇ ಮಡಚಿಕೊಂಡಿದ್ದ ಬೀಜದಳಗಳು. ಆಮೇಲೆ ಬರುವುದೇ ನಿಜವಾದ ಎಲೆ. ನಾಲ್ಕೈದು ವಾರಕ್ಕೆ ಸಸಿಗೆ ನಾಲ್ಕಾರು ಎಲೆ ಬಂದಾಗ ಕಿತ್ತು, ಒಂದೂವರೆ ಅಡಿಗೊಂದರಂತೆ ನೆಡಬೇಕು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಮಳೆ ಅದರ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಎಲೆಕೋಸಿಗೆ ಅಷ್ಟು ಹುಳಿ ಒಗ್ಗದು. ನೆಡುವ ಮೊದಲು ಮಡಿಗೆ ಸ್ವಲ್ಪ ಸುಣ್ಣವನ್ನೂ ಧಾರಾಳವಾಗಿ ಹಟ್ಟಿಗೊಬ್ಬರವನ್ನೂ ಸೇರಿಸುವುದು ಇದರಿಂದಾಗಿ. ಒಲೆಯ ಬೂದಿಯೂ ಹುಳಿಯನ್ನು ತಗ್ಗಿಸುತ್ತದೆ. ಗೋಲ್ಡನ್ ಏಕರ್ ಎಂಬ ಬೇಗ ಬರುವ ತಳಿ ನೆಟ್ಟು ಎರಡು ತಿಂಗಳಿಗೆ ಕೊಯ್ಲಿಗೆ ಸಿಗುತ್ತದೆ. ಚೆಂಡು ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಅಡಕೆ ಕೊಯ್ಲಿನ ಗಡಿಬಿಡಿಯ ದಿನಗಳಲ್ಲೇ ಕೋಸೂ ತಲೆ ಕಟ್ಟುತ್ತದೆ. ಹಿತ್ತಲಿಗೆ ನೀರು ಹನಿಸುವ ಪಾಳಿ ಆಗ ಸಾಮಾನ್ಯವಾಗಿ ಮಕ್ಕಳಿಗೆ ಬೀಳುತ್ತದೆ, ಮಂಗಗಳನ್ನು ಓಡಿಸುವ ಪಾಳಿಯೂ ಅಷ್ಟೆ.

ಶಾಲೆ, ಅಂಗನವಾಡಿಗಳ ಕೈತೋಟಕ್ಕೆ ಈ ಬೆಳೆ ಹೊಂದುವುದು ಕ್ಯಾಲೆಂಡರಿನ ದೆಸೆಯಿಂದ. ದಸರಾ ರಜೆಯ ಆಸುಪಾಸಿನಲ್ಲಿ ಬಿತ್ತಿದ್ದು ಬೇಸಿಗೆ ರಜೆಗೆ ಮೊದಲೇ ಕೈಗೆ ಬರುತ್ತದೆ. ನೆಟ್ಟ ಮಗುವೇ ಕೊಯ್ದು ತಿನ್ನಬಹುದು. ಮಾವು, ಹಲಸಿನ ಸಸಿ ನೆಡಿಸುವ ಕಾರ್ಯಕ್ರಮಗಳಲ್ಲಿ ಈ ಸುಖ ಇಲ್ಲ. ವಾರಕ್ಕೊಮ್ಮೆ ಒಂದು ದಾರದಿಂದ ಚೆಂಡಿನ ಸುತ್ತಳತೆ ತೆಗೆದು, ಆ ದಾರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಅಂಕಿ ಬರೆಯಲು ಬಾರದ ಮಕ್ಕಳ ಮುಂದೆಯೂ ಬೆಳವಣಿಗೆಯ ನಕ್ಷೆ ನಿಲ್ಲುತ್ತದೆ. ದಾರ ಒಂದು ವಾರ ಉದ್ದವಾಗದೆ ನಿಂತರೆ ಕೋಸು ಬಲಿತಿದೆ ಎಂದು ಲೆಕ್ಕ. ಆಮೇಲೂ ಬಿಟ್ಟು ಜೋರಾಗಿ ನೀರು ಕೊಟ್ಟರೆ ಒಳಗಿನ ಎಲೆಗಳ ಒತ್ತಡಕ್ಕೆ ಚೆಂಡು ಬಿರಿಯುತ್ತದೆ.

ಎಲೆಯಲ್ಲಿ ತೂತು ಕಂಡರೆ ಅಲ್ಲಿ ಹಸಿರು ಹುಳು ಇರುತ್ತದೆ. ಕೋಸಿನ ಮುಖ್ಯ ಶತ್ರು ವಜ್ರಬೆನ್ನಿನ ಪತಂಗದ ಮರಿ. ರೆಕ್ಕೆ ಮಡಚಿ ಕೂತಾಗ ಪತಂಗದ ಬೆನ್ನಿನ ಮೇಲೆ ವಜ್ರಾಕೃತಿಯ ಸಾಲು ಕಾಣುವುದರಿಂದ ಈ ಹೆಸರು. ಮರಿಹುಳು ಎಲೆಯ ಒಂದು ಬದಿಯ ಪೊರೆಯನ್ನು ಬಿಟ್ಟು ಉಳಿದದ್ದನ್ನು ಕೆರೆದು ತಿನ್ನುವುದರಿಂದ ಎಲೆಯಲ್ಲಿ ಗಾಜಿನ ಕಿಟಕಿಯಂಥ ಕಲೆಗಳು ಬೀಳುತ್ತವೆ. ಮುಟ್ಟಿದರೆ ಹುಳು ಬಳುಕುತ್ತ ಹಿಂದಕ್ಕೆ ಸರಿದು, ನೂಲು ಬಿಟ್ಟು ಎಲೆಯಿಂದ ಕೆಳಗೆ ಜೋತುಬೀಳುತ್ತದೆ. ಗಾಜಿನ ಶೀಸೆಯಲ್ಲಿ ಎಲೆಯ ಜೊತೆ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ, ಕೆಲವೇ ದಿನಗಳಲ್ಲಿ ಅದು ಬಲೆಯಂಥ ಗೂಡು ಕಟ್ಟಿ ಪತಂಗವಾಗುವುದನ್ನು ಮಕ್ಕಳು ನೋಡಬಹುದು. ಬೆಂಗಳೂರು ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಕೀಟಕ್ಕೆ ಒಂದು ಜಾಣ ಉಪಾಯ ಕಂಡುಕೊಂಡಿತು. ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಬಿತ್ತಿದರೆ ಪತಂಗ ಕೋಸನ್ನು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆ ಇಡುತ್ತದೆ. ಒಂದು ಸಾಲನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತುತ್ತಾರೆ. ಹಿತ್ತಲಿನ ಅಳತೆಗೆ ಮಡಿಯ ಅಂಚಿಗೆ ಒಂದು ಹಿಡಿ ಸಾಸಿವೆ ಚೆಲ್ಲಿದರೂ ನಡೆಯುತ್ತದೆ.

ಆ ಸಾಸಿವೆಯಿಂದ ಇನ್ನೊಂದು ಉಪಕಾರವಿದೆ. ಬ್ಯಾಕೋಡಿನಲ್ಲಿ ಎಲೆಕೋಸು ಹೂ ಬಿಡುವುದಿಲ್ಲ. ಹೂ ಬಿಡಬೇಕಾದರೆ ಬೆಳೆದ ಗಿಡ ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹಲವು ವಾರ ಕಳೆಯಬೇಕು. ಆಗಷ್ಟೇ ಅದಕ್ಕೆ ಚಳಿಗಾಲ ಮುಗಿಯಿತೆಂಬ ಸೂಚನೆ ಸಿಕ್ಕಿ, ಚೆಂಡನ್ನು ಸೀಳಿಕೊಂಡು ಹೂದಂಟು ಮೇಲೇಳುತ್ತದೆ. ಮಲೆನಾಡಿನ ಮಾಗಿಯ ಚಳಿ ವಾರಗಟ್ಟಲೆ ಅಷ್ಟು ಕೆಳಗಿಳಿದು ನಿಲ್ಲುವುದಿಲ್ಲ. ಇಂಥ ಚಳಿ ಬೇಡುವ ತಳಿಗಳ ಬೀಜ ಬೆಳೆಯುವುದಕ್ಕೆ ಹಿಮಾಚಲದ ಕುಲು ಕಣಿವೆಯಂಥ ಜಾಗವೇ ಆಗಬೇಕು. ಅಲ್ಲಿಯ ಕಟ್ರೈನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಕೋಸಿನ ಹೂ ಹೇಗಿದ್ದೀತು ಎಂದು ಕೇಳುವ ಮಗುವಿಗೆ ಸಾಸಿವೆಯ ಹೂ ತೋರಿಸಿದರೆ ಸಾಕು. ಹಳದಿ ಬಣ್ಣ, ಶಿಲುಬೆಯಂತೆ ಎದುರುಬದುರಾದ ನಾಲ್ಕು ಎಸಳು, ಆರು ಕೇಸರ. ಮೂಲಂಗಿಯ ಹೂವಿನಲ್ಲೂ ಲೆಕ್ಕ ಇದೇ.

ಕೋಸನ್ನು ಕೊಯ್ಯುವಾಗ ಗಿಡವನ್ನು ಬೇರುಸಹಿತ ಕೀಳದೆ ಚೆಂಡನ್ನಷ್ಟೇ ಕತ್ತರಿಸಿ, ಕೆಳಗಿನ ನಾಲ್ಕೈದು ಎಲೆಗಳನ್ನು ಗಿಡದಲ್ಲೇ ಬಿಡುವುದು ಒಳ್ಳೆಯದು. ಕೆಲವು ವಾರಗಳಲ್ಲಿ ಎಲೆಯ ಕಂಕುಳಿನಿಂದ ಮುಷ್ಟಿಗಿಂತ ಚಿಕ್ಕ ಕೋಸುಗಳು ಮೂರೋ ನಾಲ್ಕೋ ಏಳುತ್ತವೆ. ಸೀಳಿದ ಹೋಳಿನಲ್ಲಿ ಕಂಡಿದ್ದ ಹೆಸರುಕಾಳಿನಂಥ ಗಂಟುಗಳೂ ಇಂಥವೇ. ತುದಿಯ ದೊಡ್ಡ ಮೊಗ್ಗು ಇರುವ ತನಕ ಅದು ಪಕ್ಕದ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ, ತುದಿ ಹೋದ ಮೇಲೆ ಅವುಗಳ ಸರದಿ. ಚಹಾ ಗಿಡದ, ಬೇಲಿಯ ದಾಸವಾಳದ ತುದಿ ಚಿವುಟಿದರೆ ಅವು ಪೊದೆಯಾಗುವುದೂ ಈ ನಿಯಮದಂತೆಯೇ.

ಭಾರತಕ್ಕೆ ಎಲೆಕೋಸು ಯುರೋಪಿಯನ್ನರ ಜೊತೆ ಬಂದದ್ದು. ಮರಾಠಿಯ ಕೋಬಿ ಎಂಬ ಹೆಸರಿನ ಹಿಂದೆ ಪೋರ್ಚುಗೀಸರ 'ಕೋವ್' ಇದೆ. ನೀಲಗಿರಿಯಂಥ ತಂಪು ಜಾಗಗಳಲ್ಲಿ 19ನೇ ಶತಮಾನದಲ್ಲಿ ಬ್ರಿಟಿಷರು ಇದನ್ನು ತಮ್ಮ ಊಟಕ್ಕಾಗಿ ಬೆಳೆಸಿದರು. ಮಲೆನಾಡಿನ ಹಲವು ಮನೆಗಳಲ್ಲಿ ಇಂದಿಗೂ ಶ್ರಾದ್ಧದ ಅಡುಗೆಗೆ ಎಲೆಕೋಸು ನಿಷಿದ್ಧ. ಹೊರಗಿನಿಂದ ಬಂದ ತರಕಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ತರಕಾರಿಗಳ ವಲಸೆಯ ಚರಿತ್ರೆಯನ್ನು ಯಾವ ಪುಸ್ತಕಕ್ಕೂ ಕಡಿಮೆಯಿಲ್ಲದಂತೆ ಜ್ಞಾಪಕ ಇಟ್ಟುಕೊಂಡಿರುವುದು ಶ್ರಾದ್ಧದ ಊಟದ ಆ ಎಲೆ.

ಇನ್ನು ತಟ್ಟೆಯ ಮಾತು. ಮಕ್ಕಳು ಕೋಸನ್ನು ದೂರ ಸರಿಸುವುದು ಹಟದಿಂದಷ್ಟೇ ಅಲ್ಲ, ಅದರ ಹಿಂದೆ ರಸಾಯನವಿದೆ. ಕೋಸಿನ ಕೋಶಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕವುಳ್ಳ ವಸ್ತುಗಳಿವೆ. ಅವುಗಳನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವ ಬೇರೆ ಕಡೆ ಇರುತ್ತದೆ. ಹೆಚ್ಚಿದಾಗ, ಅಗಿದಾಗ ಗೋಡೆ ಒಡೆದು ಎರಡೂ ಸೇರಿ ಖಾರ, ಕಹಿ, ಘಾಟು ಹುಟ್ಟುತ್ತವೆ. ಅಡಕೆಯೂ ಸುಣ್ಣವೂ ಬೇರೆಬೇರೆ ಇದ್ದಾಗ ಕೆಂಪಾಗದೆ, ಕವಳವಾಗಿ ಬಾಯಲ್ಲಿ ಸೇರಿದಾಗ ಕೆಂಪಾಗುವುದಕ್ಕೆ ಇದನ್ನು ಹೋಲಿಸಬಹುದು. ಗಿಡಕ್ಕೆ ಇದು ಕೀಟಗಳ ವಿರುದ್ಧದ ರಕ್ಷಣೆ. ವಜ್ರಬೆನ್ನಿನ ಪತಂಗ ಮಾತ್ರ ಆ ರಕ್ಷಣೆಯನ್ನು ಮೀರಿ, ಅದರ ವಾಸನೆಯನ್ನೇ ಮನೆಯ ವಿಳಾಸ ಮಾಡಿಕೊಂಡಿದೆ.

ಈ ಘಾಟು ಎಲ್ಲರಿಗೂ ಒಂದೇ ತೆರನಾಗಿ ಹತ್ತುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಪಿಟಿಸಿ ಎಂಬ ಪುಡಿ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ರುಚಿಯೇ ಇಲ್ಲ ಎಂದು ಕಂಡುಕೊಂಡ. ಇದು ವಂಶವಾಹಿಯ ವ್ಯತ್ಯಾಸ ಎಂಬುದು ಆಮೇಲೆ ಸ್ಪಷ್ಟವಾಯಿತು, ಕೋಸಿನ ಕೆಲವು ಕಹಿಗಳನ್ನು ಗುರುತಿಸುವುದೂ ಅದೇ ವಂಶವಾಹಿ. 2021ರಲ್ಲಿ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಶೋಧಕರು ಆರರಿಂದ ಎಂಟು ವರ್ಷದ ಮಕ್ಕಳು ಮತ್ತು ಅವರ ಪಾಲಕರ 98 ಜೋಡಿಗಳ ಎಂಜಲನ್ನು ಹಸಿ ಹೂಕೋಸಿನ ಪುಡಿಯೊಂದಿಗೆ ಬೆರೆಸಿ ನೋಡಿದರು. ಎಂಜಲಿನ ಬ್ಯಾಕ್ಟೀರಿಯಾಗಳಿಂದಾಗಿ ಕೆಲವರ ಬಾಯಲ್ಲಿ ಗಂಧಕದ ದುರ್ವಾಸನೆ ಹೆಚ್ಚು ಹುಟ್ಟುತ್ತಿತ್ತು, ಮಗುವಿಗೂ ಪಾಲಕರಿಗೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ವಾಸನೆ ಹೆಚ್ಚು ಹುಟ್ಟಿದ ಮಕ್ಕಳು ಕೋಸಿನ ಜಾತಿಯ ತರಕಾರಿಗಳನ್ನು ಹೆಚ್ಚು ದ್ವೇಷಿಸುತ್ತಿದ್ದರು. ದೊಡ್ಡವರಲ್ಲಿ ಆ ಸಂಬಂಧ ಕಾಣಲಿಲ್ಲ. ವಾಸನೆ ಅವರ ಬಾಯಲ್ಲೂ ಇತ್ತು, ಅವರಿಗೆ ಅದು ರೂಢಿಯಾಗಿದ್ದಿರಬಹುದು ಅಷ್ಟೆ.

ರೂಢಿಯಾಗುವುದು ಹೇಗೆ ಎಂಬುದರ ಬಗ್ಗೆ ಹೆಚ್ಚು ತಿಳಿದಿದೆ. ಎರಡರಿಂದ ಆರು ವರ್ಷದ ನಡುವೆ ಮಕ್ಕಳಿಗೆ ಹೊಸ ತಿನಿಸಿನ ಬಗ್ಗೆ ಅಂಜಿಕೆ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ, ಒತ್ತಾಯವಿಲ್ಲದೆ ಒಂದೊಂದು ಚೂರು ಮತ್ತೆ ಮತ್ತೆ ರುಚಿ ನೋಡುತ್ತ ಹೋದಂತೆ ಇಷ್ಟವೂ ಹೆಚ್ಚುತ್ತದೆ. ಎಂಟು ಹತ್ತು ಸಲವಾದರೂ ಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ "ಅವನಿಗೆ ಕೋಸು ಸೇರೋದಿಲ್ಲ" ಎಂದು ತೀರ್ಪು ಹೊರಟುಬಿಡುತ್ತದೆ. ದೊಡ್ಡವರು ತಿನ್ನುವುದನ್ನು ಕಾಣುವುದು ಇನ್ನೂ ಮುಖ್ಯ. ಈ ಉಪಾಯ ಹಳೆಯದು. 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟ ಜೇಮ್ಸ್ ಕುಕ್ ಸ್ಕರ್ವಿ ರೋಗ ತಡೆಯಲು ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸನ್ನು ಒಯ್ದಿದ್ದ. ನಾವಿಕರು ಅದನ್ನು ಮುಟ್ಟಲಿಲ್ಲ. ಕುಕ್ ಬಲವಂತ ಮಾಡದೆ, ದಿನವೂ ಅಧಿಕಾರಿಗಳ ಮೇಜಿಗೆ ಅದನ್ನು ಬಡಿಸಲು ಹೇಳಿ, ಉಳಿದವರಿಗೆ ಬೇಕಾದರೆ ತಿನ್ನಿ, ಬೇಡವಾದರೆ ಬಿಡಿ ಎಂದ. ಒಂದು ವಾರ ಕಳೆಯುವುದರೊಳಗೆ ಎಲ್ಲರಿಗೂ ಅಳೆದು ಹಂಚಬೇಕಾದಷ್ಟು ಬೇಡಿಕೆ ಬಂತು. ಅಂಗನವಾಡಿಯ ಊಟದ ಸಾಲಿನಲ್ಲಿ ಒಂದು ಮಗು ತಿಂದರೆ ಪಕ್ಕದ್ದೂ ತಿನ್ನುವುದು ಇದೇ ಕಾರಣಕ್ಕೆ. ಮನೆಯಲ್ಲಿ ಅಪ್ಪನ ತಟ್ಟೆಯ ಅಂಚಿನಲ್ಲಿ ಕೋಸು ಉಳಿದಿದ್ದರೆ ಮಗುವಿಗೆ ಹೇಳುವ ಪೌಷ್ಟಿಕಾಂಶದ ಪಾಠ ವ್ಯರ್ಥ.

ಬೇಯಿಸುವ ಬಗೆಯೂ ಅರ್ಧ ಕೆಲಸ ಮಾಡುತ್ತದೆ. ಹೆಚ್ಚು ಹೊತ್ತು ನೀರಿನಲ್ಲಿ ಕುದಿಸಿದಷ್ಟೂ ಹೈಡ್ರೋಜನ್ ಸಲ್ಫೈಡ್‌ನಂಥ ಕೆಟ್ಟ ವಾಸನೆಯ ಅನಿಲಗಳು ಹೆಚ್ಚುತ್ತವೆ. ಸಾರಿನಲ್ಲಿ ಗಂಟೆಗಟ್ಟಲೆ ಕುದಿದ ಕೋಸನ್ನು ಮಗು ಬೇಡವೆಂದರೆ ತಪ್ಪು ಮಗುವಿನದಲ್ಲ. ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಬೇಗ ಇಳಿಸಿ ಕಾಯಿತುರಿ ಬೆರೆಸುವ ಪಲ್ಯದಲ್ಲಿ ಸಿಹಿ ಉಳಿದಿರುತ್ತದೆ, ಕಾಯಿಯ ಜಿಡ್ಡು ಕಹಿಯನ್ನು ಮರೆಸುತ್ತದೆ. ಬಸಿದು ಚೆಲ್ಲುವ ನೀರಿಲ್ಲದ ಕಾರಣ ಸಿ ಜೀವಸತ್ವವೂ ಅಷ್ಟಾಗಿ ಪೋಲಾಗದು. 100 ಗ್ರಾಂ ಹಸಿ ಎಲೆಕೋಸಿನಲ್ಲಿ 92 ಗ್ರಾಂನಷ್ಟು ನೀರೇ ಇದೆ. ಉಳಿದುದರಲ್ಲಿ ಎರಡೂವರೆ ಗ್ರಾಂ ನಾರು, ಸುಮಾರು 36 ಮಿಲಿಗ್ರಾಂ ಸಿ ಜೀವಸತ್ವ, ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ಇವೆ. ಶಕ್ತಿ ಬರೀ 25 ಕಿಲೋಕ್ಯಾಲೊರಿ. ಆದ್ದರಿಂದ ಇದು ಎಳೆಯ ಮಕ್ಕಳಿಗೆ ಅನ್ನ, ಬೇಳೆಯ ಜಾಗದಲ್ಲಿ ಕೊಡುವ ಪದಾರ್ಥವಲ್ಲ, ಅವುಗಳ ಜೊತೆಗೆ ಕೊಡುವಂಥದ್ದು. ತೀರ ಚಿಕ್ಕವರಿಗೆ ಉದ್ದುದ್ದ ಎಳೆಗಳು ಗಂಟಲಿಗೆ ಸಿಕ್ಕಿಕೊಳ್ಳದಂತೆ ಸಣ್ಣಗೆ ಹೆಚ್ಚಿ ಮೆತ್ತಗೆ ಬೇಯಿಸಬೇಕು. ದೋಸೆ ಹಿಟ್ಟಿಗೆ ಬೆರೆಸಿದ ಕೋಸು ಬಹುತೇಕ ಯಾವ ಪ್ರತಿರೋಧವೂ ಇಲ್ಲದೆ ಒಳಗೆ ಹೋಗುತ್ತದೆ. ಆದರೆ ಪ್ರತಿಸಲವೂ ಅಡಗಿಸಿಯೇ ಕೊಟ್ಟರೆ ಮಗುವಿಗೆ ದೋಸೆಯ ಪರಿಚಯ ಆಗುತ್ತದೆ, ಕೋಸಿನದಲ್ಲ.

ನೇರಳೆ ಬಣ್ಣದ ಎಲೆಕೋಸು ಪೇಟೆಯಿಂದ ಸಿಕ್ಕರೆ ತಟ್ಟೆಗೆ ಮೊದಲು ಲೋಟಕ್ಕೆ ಹಾಕಿ ನೋಡಬಹುದು. ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿದ ನೇರಳೆ ನೀರಿಗೆ ಲಿಂಬೆರಸ ಹಿಂಡಿದರೆ ಗುಲಾಬಿಯಾಗುತ್ತದೆ, ಅಡುಗೆ ಸೋಡ ಹಾಕಿದರೆ ನೀಲಿಗೋ ಹಸಿರಿಗೋ ತಿರುಗುತ್ತದೆ. ಆಂಥೋಸಯನಿನ್ ಎಂಬ ಬಣ್ಣ ಹುಳಿಗೂ ಕ್ಷಾರಕ್ಕೂ ಬೇರೆಬೇರೆ ಉತ್ತರ ಕೊಡುವುದರ ಪರಿಣಾಮ ಇದು. ನೇರಳೆ ಕೋಸು ಸಿಗದ ಕಡೆ ದಾಸವಾಳದ ಕೆಂಪು ಎಸಳು ಅದೇ ಕೆಲಸ ಮಾಡುತ್ತದೆ.

ಕೋಸಿನ ಬಗ್ಗೆ ತಾಯಂದಿರಲ್ಲಿ ಇರುವ ದೊಡ್ಡ ಭಯ ಅದರ ಹುಳು ಮಿದುಳಿಗೆ ಏರುತ್ತದೆ ಎಂಬುದು. ಎಲೆಯ ನಡುವೆ ಸಿಗುವ ಹಸಿರು ಹುಳುವಿಗೂ ಮಿದುಳಿನ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ಆ ಹುಳು ಪತಂಗದ ಮರಿ, ಅಕಸ್ಮಾತ್ ಹೊಟ್ಟೆಗೆ ಹೋದರೂ ಜೀರ್ಣವಾಗುತ್ತದೆ. ಮಿದುಳಿಗೆ ತೊಂದರೆ ಕೊಡುವುದು ಹಂದಿಯ ಲಾಡಿಹುಳುವಿನ ಕಣ್ಣಿಗೆ ಕಾಣದ ಮೊಟ್ಟೆ. ಲಾಡಿಹುಳು ಹೊಟ್ಟೆಯಲ್ಲಿರುವ ಮನುಷ್ಯರ ಮಲದಿಂದ ಅದು ನೀರಿಗೂ ಮಣ್ಣಿಗೂ, ಅಲ್ಲಿಂದ ಸೊಪ್ಪು ತರಕಾರಿಗೂ ತಲುಪುತ್ತದೆ. ಅಂಥ ನೀರಿನಲ್ಲಿ ಬೆಳೆದ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ಟಿನಲ್ಲೂ ಇದೇ ಅಪಾಯವಿದೆ. ಕೋಸಿಗೆ ಮಾತ್ರ ಅಂಟಿದ ಕಳಂಕ ಇದಲ್ಲ. ಮೇಲಿನ ಎರಡು ಮೂರು ಎಲೆ ತೆಗೆದು ಬಿಸಾಡಿ, ಉಳಿದವನ್ನು ಒಂದೊಂದಾಗಿ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದು ಚೆನ್ನಾಗಿ ಬೇಯಿಸಿದರೆ ಮೊಟ್ಟೆಗಳು ಸಾಯುತ್ತವೆ. ಬೇಯಿಸದೆ ಮೊಸರಿಗೆ ಬೆರೆಸುವ ಪದಾರ್ಥಗಳಿಗೆ ನೀರಿನ ಮೂಲ ಗೊತ್ತಿರುವ ಹಿತ್ತಲಿನ ಕೋಸು ವಾಸಿ. ಬಿಡಿಸಿದ ಎಲೆಗಳನ್ನು ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಟ್ಟರೆ ಮಡಿಕೆಯಲ್ಲಿ ಅಡಗಿದ್ದ ಹಸಿರು ಹುಳುಗಳು ಬಿಟ್ಟುಕೊಂಡು ತೇಲುತ್ತವೆ. ಎಷ್ಟು ಸಿಕ್ಕವೆಂದು ಎಣಿಸುವ ಕೆಲಸವನ್ನು ಮಕ್ಕಳಿಗೆ ಬಿಡಬಹುದು.